ಅಬ್ಬಾನ ಜೊತೆ ಫರ್ಗಾನಾ ಕಣಿವೆಗೆ

ಶಿಡ್ಲಘಟ್ಟದಲ್ಲಿ ಬೆಂಗಳೂರಿನ ಬಸ್ಸು ಹತ್ತುವಾಗ ನಮ್ಮ ಬಳಿ ಎರಡು ಪೆಟ್ಟಿಗೆಗಳಿದ್ದವು. ಒಂದರಲ್ಲಿ ಅಬ್ಬಾನ ಮತ್ತು ನನ್ನ ಬಟ್ಟೆ. ಇನ್ನೊಂದರಲ್ಲಿ ಅಮ್ಮಿ ತಾನೇ ಹೊಲಿದ ಫ್ರಾಕುಗಳು, ಗಾಜಿನ ಬಳೆ, ಒಂದು ಡಬ್ಬಿ ರವೆ ಉಂಡೆ. ಅದಷ್ಟೂ ನಮ್ಮಲ್ಲಿ ಯಾರೂ ಕಂಡಿರದ ಒಂದು ಹೆಣ್ಣುಮಗುವಿಗೆ. ಅಳತೆ ಗೊತ್ತಿಲ್ಲದ ಕಾರಣ ಅಮ್ಮಿ ನಮ್ಮ ಬೀದಿಯಲ್ಲಿದ್ದ ಐದು ವರ್ಷದ ಮಕ್ಕಳನ್ನೆಲ್ಲ ಕರೆದು ನಿಲ್ಲಿಸಿ ಅಂದಾಜು ಮಾಡಿದ್ದಳು.

ಅದು 1993ರ ಮೇ ತಿಂಗಳು. ನಾನು ಗೌರಿಬಿದನೂರಿನ ಒಂದು ಕನ್ನಡ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಬೇಸಿಗೆ ರಜೆ ಇತ್ತು. ಅಬ್ಬಾ ಶಿಡ್ಲಘಟ್ಟದಲ್ಲಿ ರೀಲರ್, ಅಂದರೆ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ಕೊಂಡು, ಬೇಯಿಸಿ, ನೂಲು ತೆಗೆಸುವವರು. ನೂಲಿನ ವ್ಯಾಪಾರಕ್ಕೆಂದು ಒಮ್ಮೆ ಬನಾರಸ್‌ಗೆ ಹೋಗಿದ್ದು ಬಿಟ್ಟರೆ ಅವರು ದೂರದ ಊರು ಕಂಡವರಲ್ಲ. ಈಗ ಹೊರಟಿದ್ದು ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಗೆ, ಅಲ್ಲಿನ ಮಾರ್ಗಿಲಾನ್ ಎಂಬ ರೇಷ್ಮೆಯ ಊರಿಗೆ.

ನನ್ನ ತಮ್ಮ ಇಮ್ತಿಯಾಜ್ ಎಂಬತ್ತರ ದಶಕದ ಆರಂಭದಲ್ಲಿ ಸೋವಿಯತ್ ದೇಶದ ವಿದ್ಯಾರ್ಥಿವೇತನ ಸಿಕ್ಕಿ ಜವಳಿ ಎಂಜಿನಿಯರಿಂಗ್ ಓದಲು ತಾಷ್ಕೆಂಟಿಗೆ ಹೋದ. ಓದು ಮುಗಿಸಿ ಮಾರ್ಗಿಲಾನಿನ ಒಂದು ರೇಷ್ಮೆ ಗಿರಣಿಗೆ ಸೇರಿದ. ಜೊತೆಯಲ್ಲಿ ಓದಿದ ನಿಗೋರಾ ಎಂಬ ಹುಡುಗಿಯನ್ನು ಮದುವೆಯಾದ. ಲೋಲಾ ಹುಟ್ಟಿದಳು. ಬರುತ್ತೇನೆ ಬರುತ್ತೇನೆ ಎನ್ನುತ್ತಿದ್ದವನಿಗೆ ಬರಲಾಗಲಿಲ್ಲ. ಸೋವಿಯತ್ ದೇಶ ಒಡೆದುಹೋದ ಆ ಚಳಿಗಾಲದಲ್ಲಿ ಅವನು ಗಿರಣಿಯ ಕೆಲಸಕ್ಕೆಂದು ತಾಷ್ಕೆಂಟಿಗೆ ಹೊರಟಿದ್ದ ಬಸ್ಸಿನ ಮೇಲೆ ಬೆಟ್ಟದ ಹಿಮ ಜಾರಿಬಿತ್ತು. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಅವನನ್ನು ಮಣ್ಣು ಮಾಡಿ ಬಹಳ ದಿನವಾಗಿತ್ತು.

ಆಮೇಲೆ ಚಿಕ್ಕಬಳ್ಳಾಪುರದ ಟೆಲಿಫೋನ್ ಆಫೀಸಿನಿಂದ ಟ್ರಂಕ್ ಕಾಲ್ ಮಾಡಿ ನಿಗೋರಾಳ ಜೊತೆ ಎರಡು ಮೂರು ಸಲ ಇಂಗ್ಲಿಷಿನಲ್ಲಿ ಮಾತಾಡಿದೆ. ಗಿರಣಿ ಮುಚ್ಚುವ ಹಾಗಿದೆ, ಬ್ರೆಡ್ಡಿಗೂ ಸಾಲು ನಿಲ್ಲಬೇಕು ಎಂದಳು. ಮಗುವನ್ನು ನಾವು ಸಾಕಬಹುದೇ ಎಂದು ಕೇಳಿದ್ದು ನಾನು. ನನಗೆ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಲೈನಿನಲ್ಲಿ ಗೊರಗೊರ ಸದ್ದು. ಅದರೊಳಗಿಂದ ಅವಳು "ಯೆಸ್" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆ ಒಂದು ಪದ ಹಿಡಿದುಕೊಂಡು ನಾನು ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್ ಹತ್ತಿರ ಆಗಲೇ ಮಾತಾಡಿಬಿಟ್ಟಿದ್ದೆ.

ದೆಹಲಿಗೆ ಹೊರಟ ರೈಲು ತೊಂಡೇಬಾವಿ ದಾಟಿ ಗೌರಿಬಿದನೂರಿನ ಸ್ಟೇಷನ್ನನ್ನು ನಿಲ್ಲದೆ ಹಾದುಹೋಯಿತು. ಪ್ಲಾಟ್‌ಫಾರಂ ಮೇಲೆ ನನ್ನ ಗಂಡ ಕೈ ಬೀಸುತ್ತ ನಿಂತಿದ್ದರಂತೆ. ನನಗೆ ಕಾಣಿಸಲಿಲ್ಲ. ರೈಲಿನಲ್ಲಿ ಎರಡು ದಿನ ಕಳೆಯಿತು. ದೆಹಲಿಯಿಂದ ತಾಷ್ಕೆಂಟಿಗೆ ವಿಮಾನದಲ್ಲಿ ಮೂರು ಗಂಟೆಯ ದಾರಿ. ಕೆಳಗೆ ಹಿಮದ ಬೆಟ್ಟಗಳು ಕಾಣಿಸಿದಾಗ ಅವರು ಕಿಟಕಿಯ ಪರದೆ ಎಳೆದುಬಿಟ್ಟರು.

ತಾಷ್ಕೆಂಟಿನಿಂದ ಕಣಿವೆಗೆ ಎರಡು ದಾರಿ. ಬೆಟ್ಟದ ಮೇಲಿನ ರಸ್ತೆ ಒಂದು. ನದಿಯ ಗುಂಟ ಸುತ್ತಿ ಹೋಗುವ ರೈಲು ಇನ್ನೊಂದು. ನಾವು ರೈಲು ಹಿಡಿದೆವು. ರೂಬಲ್ ಬೆಲೆ ಕಳೆದುಕೊಂಡಿದ್ದ ಕಾಲ; ಅಷ್ಟು ದೂರಕ್ಕೆ ನಾವು ಕೊಟ್ಟದ್ದು ಚಿಂತಾಮಣಿಗೆ ಹೋಗಿಬರುವ ಬಸ್ ಚಾರ್ಜಿನಷ್ಟೂ ಇರಲಿಲ್ಲ. ಬೆಳಿಗ್ಗೆ ಹೊರಟ ಗಾಡಿ ಮಧ್ಯಾಹ್ನದ ಹೊತ್ತಿಗೆ ಖುಜಂದ್ ಎಂಬ ಊರಿಗೆ ಬಂತು. ಎಡಕ್ಕೆ ಸಿರ್ ದರಿಯಾ ನದಿ, ಮಣ್ಣಿನ ಬಣ್ಣದ ನೀರು, ಆಚೆಗೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೋಳು ಗುಡ್ಡ.

ನಮ್ಮ ಎದುರಿನ ಸೀಟಿನಲ್ಲಿ ಕಸೂತಿಯ ಟೋಪಿ ಹಾಕಿದ್ದ ಒಬ್ಬ ಮುದುಕರಿದ್ದರು. ಕೋಕಂದದ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನಿಧಾನವಾಗಿ ಇಂಗ್ಲಿಷ್ ಆಡುತ್ತಿದ್ದರು. ನಾನು ಪಾಠ ಹೇಳುವವಳೆಂದು ತಿಳಿದ ಮೇಲೆ ಕಿಟಕಿಯ ಹೊರಗೆ ಕೈ ತೋರಿಸಿ, "ಗ್ರೀಕರು ಬಂದು ನಿಂತದ್ದು ಇಲ್ಲಿ. ಅವರ ದೊರೆ ಈ ನದಿಯ ದಂಡೆಯಲ್ಲಿ ಊರು ಕಟ್ಟಿ ಕೊನೆಯ ಅಲೆಕ್ಸಾಂಡ್ರಿಯಾ ಎಂದು ಹೆಸರಿಟ್ಟ. ಕಾಲು ಹೋದ ಸೈನಿಕರನ್ನೂ ಮುದುಕರಾದ ಸೈನಿಕರನ್ನೂ ಇಲ್ಲಿಯೇ ಬಿಟ್ಟುಹೋದ" ಎಂದರು.

ನಾನು ಹೊರಡುವ ಮುಂಚೆ ಓದಿಕೊಂಡಿದ್ದೆ. ಆ ಗ್ರೀಕರ ಮಕ್ಕಳು ಮೊಮ್ಮಕ್ಕಳು ಇಲ್ಲಿನವರಲ್ಲಿ ಬೆರೆತು, ತಲೆಮಾರುಗಳು ಕಳೆದ ಮೇಲೆ, ಪೂರ್ವದ ಮರುಭೂಮಿ ದಾಟಿ ಚೀನಾದ ರಾಯಭಾರಿಯೊಬ್ಬ ಈ ಕಣಿವೆಗೆ ಬಂದ. ಗೋಡೆ ಕಟ್ಟಿದ ಊರುಗಳು, ದ್ರಾಕ್ಷಿಯ ತೋಟ, ಕುದುರೆಗೆ ಹಾಕುವ ಹಸಿರು ಮೇವಿನ ಹೊಲ, ಅಂಥ ಕುದುರೆಗಳು ತನ್ನ ದೇಶದಲ್ಲಿ ಇಲ್ಲವೆಂದು ಬೆರಗಾದ. ಚೀನೀಯರು ಈ ರಾಜ್ಯವನ್ನು ‘ದಾ ಯುವಾನ್’ ಎಂದು ಕರೆದರು. ಆ ಯುವಾನಿಗೂ ನಮ್ಮ ‘ಯವನ’ಕ್ಕೂ ಒಂದೇ ಬೇರು ಎನ್ನುವ ವಿದ್ವಾಂಸರಿದ್ದಾರೆ. ಹೌದಾದರೆ, ಎರಡು ಜಗತ್ತುಗಳು ಒಂದನ್ನೊಂದು ಮೊದಲು ನೋಡಿದ್ದು ಈ ಕಣಿವೆಯಲ್ಲಿ. ಇಲ್ಲಿಂದ ದ್ರಾಕ್ಷಿಯ ಬೀಜ ಪೂರ್ವಕ್ಕೆ ಹೋಯಿತು. ಅಲ್ಲಿಂದ ರೇಷ್ಮೆ ಪಶ್ಚಿಮಕ್ಕೆ ಬಂತು. ಶಿಡ್ಲಘಟ್ಟದಲ್ಲಿ ಗೂಡು, ನಂದಿಯ ತಪ್ಪಲಿನಲ್ಲಿ ದ್ರಾಕ್ಷಿ ನೋಡುತ್ತ ಬೆಳೆದವಳಿಗೆ ಇದನ್ನು ಓದುವಾಗ ದೂರದ ದೇಶದ ಕತೆ ಅನ್ನಿಸಿರಲಿಲ್ಲ.

"ಕುದುರೆಗಳ ಕತೆ ಗೊತ್ತೇ?" ಎಂದು ಮುದುಕರು ಕೇಳಿದರು. "ಚೀನಾದ ಚಕ್ರವರ್ತಿ ಕುದುರೆ ಕೊಡಿ ಅಂತ ಬಂಗಾರ ಕಳಿಸಿದ. ಇಲ್ಲಿಯವರು ಕೊಡಲಿಲ್ಲ. ಆಮೇಲೆ ದಂಡು ಬಂತು. ಒಂದು ಸಲ ಸೋತು ಹೋಯಿತು, ಮತ್ತೆ ಬಂತು. ಊರಿನ ನೀರು ಕಟ್ಟಿಹಾಕಿದರು. ಕೊನೆಗೆ ಕುದುರೆ ಹೊಡಕೊಂಡು ಹೋದರು. ದಾರಿ ಮುಗಿಸಿ ಮನೆ ಮುಟ್ಟಿದ ಕುದುರೆ ಕಡಿಮೆ." ಆಮೇಲೆ ಅಬ್ಬಾನ ಕಡೆ ತಿರುಗಿ, ನೀವು ಯಾವ ಕೆಲಸದ ಮೇಲೆ ಬಂದಿರಿ ಎಂದರು.

ನಾನು ಕೇಳಿದ್ದನ್ನು ಅಬ್ಬಾನಿಗೆ ಹೇಳಿದೆ. "ಮೊಮ್ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದೀವಿ ಅನ್ನು" ಎಂದರು ಅಬ್ಬಾ. ಹೇಳಿದೆ. ಮುದುಕರು ತಲೆಯಾಡಿಸಿದರು. ತಮ್ಮ ಗಂಟು ಬಿಚ್ಚಿ ಒಣಗಿದ ಜರ್ದಾಳು ಹಣ್ಣು ತೆಗೆದು ನಮ್ಮ ಅಂಗೈಗೆ ಹಾಕಿದರು. ಕೋಕಂದದಲ್ಲಿ ಇಳಿಯುವಾಗ ಅಬ್ಬಾನ ಮುಖ ತಿಳಿಮಾಡಲೆಂದೋ ಏನೋ, ಮಾರ್ಗಿಲಾನ್ ಎಂಬ ಹೆಸರು ಹೇಗೆ ಬಂತೆಂದು ಹೇಳಿದರು. ಹಸಿದು ಬಂದ ಗ್ರೀಕ್ ದೊರೆಗೆ ಆ ಊರಿನವರು ಮುರ್ಗ್ ಮತ್ತು ನಾನ್, ಅಂದರೆ ಕೋಳಿ ಮತ್ತು ರೊಟ್ಟಿ, ತಂದಿಟ್ಟರಂತೆ. ಮುರ್ಗ್-ನಾನ್ ಹೋಗಿ ಮಾರ್ಗಿಲಾನ್ ಆಯಿತಂತೆ. ಆ ಎರಡು ಪದಗಳಿಗೆ ಅಬ್ಬಾನಿಗೆ ತರ್ಜುಮೆ ಬೇಕಾಗಲಿಲ್ಲ. ಅಬ್ಬಾ ಬಹಳ ದಿನದ ಮೇಲೆ ನಕ್ಕರು.

ಮಾರ್ಗಿಲಾನಿನ ಸ್ಟೇಷನ್ನಿಗೆ ನಿಗೋರಾಳ ಅಣ್ಣ ಬಂದಿದ್ದ. ಇನ್ನೂ ಬಿಸಿಲಿತ್ತು. ರಸ್ತೆಯ ಎರಡೂ ಕಡೆ ಕಾಲುವೆ, ಕಾಲುವೆಯ ಗುಂಟ ಹಿಪ್ಪುನೇರಳೆ. ನಮ್ಮಲ್ಲಿ ಸೊಂಟದೆತ್ತರಕ್ಕೆ ಕತ್ತರಿಸಿ ಬೆಳೆಸುವ ಗಿಡ ಅಲ್ಲಿ ಹುಣಸೆಯಷ್ಟು ದಪ್ಪದ ಮರ. ಮನೆಗಳ ಮುಂದೆ ದ್ರಾಕ್ಷಿಯ ಚಪ್ಪರ. "ನಮ್ಮ ನಂದಿ ಕಡೆ ಬಂದಂಗೇ ಐತೆ ಕಣಮ್ಮ" ಎಂದರು ಅಬ್ಬಾ.

ಮಣ್ಣಿನ ಗೋಡೆಯ ದೊಡ್ಡ ಅಂಗಳದ ಮನೆ. ಒಳಬಾಗಿಲಿಗೆ ನಿಗೋರಾ ಬಂದು ನಿಂತಳು, ತೆಳ್ಳಗೆ, ತಲೆಗೆ ಹೂವಿನ ವಸ್ತ್ರ ಕಟ್ಟಿ. ಆಗಲೇ ಜಗಲಿಯ ಮೇಲೆ ಕೂತಿದ್ದ ಅಬ್ಬಾ ಅವಳನ್ನು ಕಂಡು ಏಳಹೋದರು. ಅವಳು ಓಡಿ ಬಂದು ಅವರ ಭುಜ ಹಿಡಿದಳು.

"ಅಬ್ಬಾ, ಥಕ್ ಗಯೇ ನಾ? ಉಠೋ ನಕೋ, ಬೈಠೋ. ಪಾನೀ ಲಾತ್ಯೌಂ."

ದಣಿದಿದ್ದೀರಿ, ಏಳಬೇಡಿ, ನೀರು ತರುತ್ತೇನೆ ಎಂದಷ್ಟೇ ಅವಳು ಹೇಳಿದ್ದು. ಆದರೆ ಅದು ಪುಸ್ತಕದ ಉರ್ದುವಲ್ಲ, ಸಿನಿಮಾದ ಹಿಂದಿಯಲ್ಲ. ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಮುಸಲ್ಮಾನರು ಆಡುವ ದಖನಿ. ಆ ‘ನಕೋ’ವನ್ನು ತುಸು ಎಳೆದು ಹೇಳುವ ರೀತಿ ಇಮ್ತಿಯಾಜನದು. ಅಬ್ಬಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಸುದ್ದಿ ಬಂದ ದಿನವೂ ನಾನು ಅವರು ಅತ್ತದ್ದನ್ನು ನೋಡಿರಲಿಲ್ಲ.

ಅವನು ಮನೆಯಲ್ಲಿ ಅವಳಿಗೆ ಇದೇ ಮಾತು ಕಲಿಸಿದ್ದ. ಅವನು ಹೋದ ಮೇಲೆ ಅವಳು ಮಗಳ ಜೊತೆ ಬೇಕೆಂದೇ ಅದನ್ನು ಆಡುತ್ತ ಬಂದಿದ್ದಳು. ಫೋನಿನಲ್ಲಿ ಯಾಕೆ ಆಡಲಿಲ್ಲ ಎಂದು ಆಮೇಲೆ ಕೇಳಿದೆ. "ನೀವು ಟೀಚರ್. ತಪ್ಪಾದರೆ ನಗ್ತೀರ ಅಂತ ಹೆದರಿಕೆ" ಎಂದಳು.

ಲೋಲಾ ಆ ಹೊತ್ತಿಗೆ ಮನೆಯೊಳಗಿಂದ ಬಂದು ಕಂಬ ಹಿಡಿದು ನಿಂತಿದ್ದಳು. ಎರಡು ಜಡೆ, ಕಂದು ಕಣ್ಣು, ಅಮ್ಮಿಯ ಹಣೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಫುಪ್ಪು ಕ್ಯಾ?" ಎಂದಳು. ನೀನೇ ಏನು ನನ್ನ ಸೋದರತ್ತೆ ಎಂದು. ನಾನು ಹೌದೆಂದು ಕೈ ಚಾಚಿದೆ. ಬರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಮಾತಾಡು, ಒಳಗೆ ಹುಳು ಇವೆ ಎಂದಳು.

ನಾವು ಹೋದದ್ದು ಅಲ್ಲಿನ ಹುಳು ಸಾಕಣೆಯ ಕಾಲ. ವರ್ಷಕ್ಕೆ ಅವರಿಗೆ ಅದೊಂದೇ ಬೆಳೆ. ಮನೆಯ ಒಳ್ಳೆಯ ಕೋಣೆಗಳನ್ನೆಲ್ಲ ಹುಳುವಿಗೆ ಬಿಟ್ಟು ಮನೆಮಂದಿ ಅಂಗಳದ ಮರದ ಮಂಚದ ಮೇಲೆ ಮಲಗುತ್ತಿದ್ದರು. ನಮ್ಮ ಹಾಗೆ ಎಲೆ ಬಿಡಿಸಿ ಹಾಕುವುದಿಲ್ಲ. ಕೊಂಬೆ ಕೊಂಬೆಯನ್ನೇ ಹಾಸುತ್ತಾರೆ. ಹುಳುಗಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಜೋರು ಮೇಯುತ್ತಿದ್ದವು. ಆ ಸದ್ದು ಜಡಿಮಳೆಯ ಹಾಗೆ ಅಂಗಳಕ್ಕೆಲ್ಲ ಕೇಳಿಸುತ್ತಿತ್ತು. ಆ ಕೋಣೆಗಳಿಗೆ ಹೊರಗಿನವರನ್ನು ಬಿಡುವ ಪದ್ಧತಿ ಇಲ್ಲ, ಕಣ್ಣು ತಾಗುತ್ತದೆಂಬ ಭಯ. ಪಕ್ಕದ ಮನೆಯ ಹೆಂಗಸೊಬ್ಬಳು ನಮ್ಮನ್ನು ಕಂಡು ಏನೋ ಎಚ್ಚರಿಕೆ ಹೇಳಿದಳು. ನಿಗೋರಾಳ ತಾಯಿ, ಎಲ್ಲರೂ ‘ಬೂವಿ’ ಎಂದರೆ ಅಜ್ಜಿ ಎಂದು ಕರೆಯುತ್ತಿದ್ದ ದಪ್ಪನೆಯ ಹೆಂಗಸು, ಆ ಮಾತಿಗೆ ಉತ್ತರವನ್ನೇ ಕೊಡದೆ ಅಬ್ಬಾನ ತೋಳು ಹಿಡಿದು ಸೀದಾ ಹುಳುವಿನ ಕೋಣೆಗೆ ಕರೆದುಕೊಂಡು ಹೋದಳು. ಅಬ್ಬಾ ಆ ದಿನದಿಂದ ಕೊಂಬೆ ಹೊರುವ ಕೆಲಸಕ್ಕೆ ನಿಂತರು.

ಬೂವಿಗೂ ಅಬ್ಬಾನಿಗೂ ಇಬ್ಬರಿಗೂ ತಿಳಿಯುವ ಭಾಷೆಯೇ ಇರಲಿಲ್ಲ. ಒಂದು ಮಧ್ಯಾಹ್ನ ನಿಗೋರಾ ಗಿರಣಿಗೆ ಹೋಗಿದ್ದಾಗ ಬೂವಿ ಅಬ್ಬಾನ ಎದುರು ಬಂದು ನಿಂತು, ಎದೆಗೆ ಕೈ ಒತ್ತಿ, ನಮ್ಮ ಕಡೆ ತೋರಿಸುತ್ತ, "ಪಿಲ್ಲಾ, ಪಿಲ್ಲಾ" ಎಂದಳು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ತರುವ ರೈತರಲ್ಲಿ ಅರ್ಧ ಜನ ತೆಲುಗು ಆಡುವವರು. ತೆಲುಗಿನಲ್ಲಿ ಪಿಲ್ಲ ಎಂದರೆ ಹುಡುಗಿ ಎಂದು ಅಬ್ಬಾನಿಗೆ ಚೆನ್ನಾಗಿ ಗೊತ್ತು. ಹುಡುಗಿಯನ್ನು ನಮಗೆ ಒಪ್ಪಿಸುತ್ತಿದ್ದಾಳೆ ಎಂದುಕೊಂಡು ಅವರು ತಟ್ಟನೆ ಎದ್ದು, ಪಕ್ಕದಲ್ಲಿ ಆಡುತ್ತಿದ್ದ ಲೋಲಾಳನ್ನು ಎತ್ತಿಕೊಂಡು, ಬೂವಿಯ ಕಡೆ ತಲೆ ಬಾಗಿಸಿ, "ಶುಕ್ರಿಯಾ, ಬೆಹನ್. ನಿಮ್ಮ ಋಣ ತೀರಿಸೋಕಾಗಲ್ಲ" ಎಂದರು. ಬೂವಿ ಏನೂ ತಿಳಿಯದೆ ನೋಡಿದಳು. ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಹಿಂದಿನ ವರ್ಷದ ಒಣ ರೇಷ್ಮೆಗೂಡು. ಅವರ ಮಾತಿನಲ್ಲಿ ಪಿಲ್ಲಾ ಎಂದರೆ ಗೂಡು.

ಲೋಲಾ ಕಿಲಕಿಲ ನಕ್ಕಳು. ಅಬ್ಬಾ ಅವಳನ್ನು ಇಳಿಸಿ, ಒಂದು ಗೂಡು ತೆಗೆದು ಹಿಸುಕಿ, ಕಿವಿಯ ಬಳಿ ಅಲ್ಲಾಡಿಸಿ ನೋಡಿದರು. "ಒಳ್ಳೆ ಗಟ್ಟಿ ಗೂಡು" ಎಂದರು.

ಶುಕ್ರವಾರ ನಮಾಜು ಮುಗಿದ ಮೇಲೆ ಇಮ್ತಿಯಾಜನ ಗೋರಿಗೆ ಹೋದೆವು. ಊರಾಚೆ ಮಣ್ಣುದಿಬ್ಬದ ಮೇಲೆ ಸ್ಮಶಾನ. ದಕ್ಷಿಣಕ್ಕೆ ಆಕಾಶದಷ್ಟು ಎತ್ತರಕ್ಕೆ ಹಿಮದ ಬೆಟ್ಟಸಾಲು. ಅಬ್ಬಾ ನಿಗೋರಾಳ ಅಣ್ಣನ ಜೊತೆ ಒಳಗೆ ಹೋದರು. ನಾವು ಹೆಂಗಸರು ಗೇಟಿನ ಬಳಿ ನಿಂತೆವು. ಅಬ್ಬಾ ಫಾತಿಹಾ ಓದಿ ಕೈ ಇಳಿಸಿದ್ದು ಕಾಣಿಸಿತು. ಆಮೇಲೂ ಅವರು ಅಲ್ಲಿಂದ ಕದಲಲಿಲ್ಲ.

ನಿಗೋರಾ ಗೋಡೆಗೆ ಒರಗಿ ಹೇಳಿದಳು. ಗಿರಣಿಯಲ್ಲಿ ಸಂಬಳದ ಬದಲು ಬಟ್ಟೆಯ ಥಾನು ಕೊಡುತ್ತಿದ್ದಾರೆ. ಅದನ್ನು ಬಜಾರಿನಲ್ಲಿ ಮಾರಿ ಹಿಟ್ಟು ತರಬೇಕು. ಅಣ್ಣ ಕೆಲಸ ಹುಡುಕಿ ರಷ್ಯಾಕ್ಕೆ ಹೋಗುವವನಿದ್ದಾನೆ. "ಲೋಲಾ ನಿಮ್ಮಲ್ಲಿ ಓದ್ತಾಳೆ. ಅವಳ ಕಾಗದಪತ್ರ ಎಲ್ಲ ಮಾಡಿಸಿಟ್ಟಿದೀನಿ. ಒಂದೇ ಮಾತು, ಆಪಾ. ಹೊರಡೋ ದಿನ ನನ್ನ ಮತ್ತೆ ಕೇಳ್ಬೇಡಿ. ಕೇಳಿದ್ರೆ ನಾನು ಕೊಡಲ್ಲ ಅಂತೀನಿ. ಕೇಳದೆ ಕರ್ಕೊಂಡು ಹೋಗ್ಬಿಡಿ."

ನಾನು ಆಗಲಿ ಎಂದೆ. ಅವಳ ಕೈ ಹಿಡಿದುಕೊಂಡೆ. ಆದರೆ ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಇದ್ದುದು ಅವಳ ದುಃಖವಲ್ಲ. ಜೂನ್ ತಿಂಗಳಲ್ಲಿ ಲೋಲಾಳಿಗೆ ಎರಡು ಜಡೆ ಹಾಕಿ ಶಾಲೆಗೆ ಕೈ ಹಿಡಿದು ಕರೆದೊಯ್ಯುವ ನನ್ನದೇ ಚಿತ್ರ ಕಣ್ಣ ಮುಂದಿತ್ತು.

ಹುಳು ಹಣ್ಣಾದವು. ಮೇವು ಬಿಟ್ಟು, ಮೈ ಹೊಳಪಾಗಿ, ತಲೆಯೆತ್ತಿ ಆಡಿಸತೊಡಗಿದವು. ನಮ್ಮಲ್ಲಿ ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆಯ ತಟ್ಟೆಗೆ ಬಿಡುತ್ತೇವೆ. ಅವರು ಒಣ ಪೊದೆಗಳನ್ನು ಕಟ್ಟಿ ನಿಲ್ಲಿಸಿ ಅದಕ್ಕೆ ಹತ್ತಿಸಿದರು. ಜಡಿಮಳೆಯ ಸದ್ದು ನಿಂತು ಮನೆ ಮೌನವಾಯಿತು. ಲೋಲಾ ಅಬ್ಬಾನ ಬೆರಳು ಹಿಡಿದು ಬಾಗಿಲ ಸಂದಿಯಿಂದ ತೋರಿಸುತ್ತಿದ್ದಳು. ಅವಳು ಅವರನ್ನು ಬಾವಾ, ಅಂದರೆ ಅಜ್ಜ, ಎನ್ನುವಷ್ಟು ಹತ್ತಿರವಾಗಿದ್ದಳು. ನನ್ನ ಬಳಿಯೂ ಬರುತ್ತಿದ್ದಳು. ಅಮ್ಮಿಯ ಫ್ರಾಕು ಹಾಕಿಕೊಂಡು, ಗಿಡ್ಡವಾದದ್ದನ್ನು ಕೆಳಕ್ಕೆ ಎಳೆದೆಳೆದು ನೋಡಿದ್ದಳು. ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಮಾತ್ರ ನಮ್ಮಿಬ್ಬರನ್ನೂ ದಾಟಿ, ಕಣ್ಣು ಅರ್ಧ ಮುಚ್ಚಿಕೊಂಡೇ, ಬೂವಿಯ ಮಡಿಲು ಹುಡುಕಿಕೊಂಡು ಹೋಗುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲಿ ಊಟದ ಬಟ್ಟೆ ಹಾಸಿದರು. ಹಸಿರು ಚಹಾ, ಮೊಸರು, ಬೂವಿ ಆಗ ತಾನೇ ಒಲೆಯಿಂದ ತೆಗೆದ ದುಂಡನೆಯ ನಾನ್. ಅದರ ನಡುವೆ ಮೊಳೆಯ ಅಚ್ಚಿನಿಂದ ಚುಚ್ಚಿ ಮಾಡಿದ ಹೂವಿನ ಗುರುತು. ನಾವು ಕೈ ಚಾಚುವ ಮುಂಚೆ ಬೂವಿ ಒಂದು ರೊಟ್ಟಿಯನ್ನು ಲೋಲಾಳ ಬಾಯಿಯ ಬಳಿ ಹಿಡಿದಳು. ಲೋಲಾ ಅಂಚಿನಲ್ಲಿ ಒಂದು ತುತ್ತು ಕಚ್ಚಿದಳು. ಬೂವಿ ಆ ರೊಟ್ಟಿಯನ್ನು ತೆಗೆದುಕೊಂಡು ಹೋಗಿ ಜಗಲಿಯ ಗೋಡೆಯ ಮೊಳೆಗೆ ತೂಗುಹಾಕಿದಳು. ಪಕ್ಕದ ಮೊಳೆಯಲ್ಲಿ ಇನ್ನೊಂದು ರೊಟ್ಟಿ ತೂಗುತ್ತಿತ್ತು, ಒಣಗಿ ಕಲ್ಲಿನಂತಾಗಿ, ಅಂಚಿನಲ್ಲಿ ಒಂದು ತುತ್ತು ಕಡಿಮೆಯಾಗಿ.

"ಇದೇನಮ್ಮ?" ಎಂದು ಅಬ್ಬಾ ನಿಗೋರಾಳನ್ನು ಕೇಳಿದರು.

"ದೂರ ಹೋಗೋರು ಒಂದು ತುತ್ತು ಕಚ್ಚಿ ಹೋಗ್ತಾರೆ, ಅಬ್ಬಾ. ಉಳಿದದ್ದನ್ನ ಅವರು ವಾಪಸ್ ಬರೋವರೆಗೂ ಮನೇಲಿ ಇಡ್ತೀವಿ. ಬಂದು ಅವರೇ ತಿನ್ಬೇಕು. ರೊಟ್ಟಿ ಕಾಯ್ತಾ ಇದ್ರೆ ಮನುಷ್ಯ ತಿರುಗಿ ಬರ್ತಾನೆ ಅಂತ."

"ಆ ಇನ್ನೊಂದು?"

ಬೂವಿ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಬಸ್ಸು ಹತ್ತುವ ಬೆಳಿಗ್ಗೆ ಇಮ್ತಿಯಾಜ್ ಕಚ್ಚಿಹೋದ ರೊಟ್ಟಿ ಅದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅಬ್ಬಾ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದರು. ದಖನಿ ನಿಗೋರಾಳಿಗೂ ಮಗುವಿಗೂ ತಿಳಿಯುತ್ತಿತ್ತು. ನಮ್ಮಿಬ್ಬರ ಗುಟ್ಟಿಗೆ ಉಳಿದದ್ದು ಕನ್ನಡವೊಂದೇ.

"ಮಗೂನ ಕರ್ಕೊಂಡು ಹೋಗೋದು ಬೇಡ ಕಣಮ್ಮ."

"ಏನಬ್ಬಾ ಹಂಗಂದ್ರೆ? ಟಿಕೆಟ್ ಆಗಿದೆ. ಅವಳೇ ಒಪ್ಪಿದಾಳೆ."

"ಒಪ್ಪಿದಾಳೆ ಅಂತಾನೇ ಬೇಡ ಅಂತಿರೋದು. ಹೊಟ್ಟೆಗಿಲ್ಲ ಅಂತ ಒಪ್ಪಿದಾಳೆ. ಆ ಗೋಡೆ ಮೇಲೆ ಒಂದು ರೊಟ್ಟಿ ಇದೆಯಲ್ಲ, ಸಾಲದಾ?"

"ಮತ್ತೆ ನನ್ನ ಗತಿ ಏನು?" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನಾನೇ ಬೆಚ್ಚಿದೆ.

ಅಬ್ಬಾ ಎದ್ದರು. ಗೋಡೆಯ ಬಳಿ ಹೋಗಿ ಹೊಸ ರೊಟ್ಟಿಯನ್ನು ಮೊಳೆಯಿಂದ ತೆಗೆದರು. ಬೂವಿ ಅಡ್ಡ ಬಂದು ಅವರ ಮಣಿಕಟ್ಟು ಹಿಡಿದಳು. ಅವರ ಮುಖ ನೋಡಿ ಬಿಟ್ಟಳು. ಅವರು ವಾಪಸ್ ಬಂದು ಕೂತು ಬಿಸ್ಮಿಲ್ಲಾ ಹೇಳಿ ರೊಟ್ಟಿ ಮುರಿದರು. ಮೊದಲ ತುಂಡನ್ನು ಲೋಲಾಳ ಕೈಗೆ ಕೊಟ್ಟರು. ಆಮೇಲೆ ನಿಗೋರಾಳಿಗೆ, ಬೂವಿಗೆ, ಅಣ್ಣನಿಗೆ, ನನಗೆ. "ಖಾಲೋ" ಎಂದರು. "ಎಲ್ಲರೂ ತಿನ್ನಿ. ಈ ಮನೆಯಿಂದ ಮಗು ಎಲ್ಲಿಗೂ ಹೋಗ್ತಿಲ್ಲ."

ನಿಗೋರಾ ಕೈಯಲ್ಲಿ ತುಂಡು ಹಿಡಿದು ಕೂತೇ ಇದ್ದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ಲೋಲಾಳನ್ನು ಎಳೆದುಕೊಂಡು ತಬ್ಬಿದ ರಭಸಕ್ಕೆ ಚಹಾದ ಬಟ್ಟಲು ಉರುಳಿತು. ಮಗು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ಬಿಡು ಅಮ್ಮಾ, ಚಹಾ ಚೆಲ್ಲಿತು ಎಂದು ಕೊಸರಾಡಿತು. ನಾನು ನನ್ನ ಪಾಲಿನ ತುಂಡನ್ನು ತಿಂದೆ.

ಹೋಗುವ ಮುನ್ನ ಅಬ್ಬಾ ನಿಗೋರಾಳನ್ನು ಕೂರಿಸಿಕೊಂಡು, ಸಾಕುವುದಕ್ಕೆ ಆಗುವಷ್ಟನ್ನು ವರ್ಷವರ್ಷವೂ ಕಳಿಸುತ್ತೇನೆ, ಬನಾರಸಿನ ನೂಲಿನ ವ್ಯಾಪಾರಿಗಳಿ​ಗೆ ತಾಷ್ಕೆಂಟಿಗೆ ಹೋಗಿಬರುವವರ ಪರಿಚಯವಿದೆ, ದಾರಿ ಮಾಡಿಕೊಳ್ಳುತ್ತೇನೆ ಎಂದರು. ಇಬ್ಬರೂ ಬೇಕೆಂದಾಗ ಬನ್ನಿ, ಬಂದು ವಾಪಸ್ ಹೋಗಿ ಎಂದರು. ಇಮ್ತಿಯಾಜನ ರೊಟ್ಟಿಯ ಬಗ್ಗೆ ಏನೂ ಹೇಳಲಿಲ್ಲ. ಅದು ಇದ್ದಲ್ಲೇ ಇತ್ತು.

ರೈಲಿನಲ್ಲಿ ನಾನು ಅಬ್ಬಾನ ಜೊತೆ ಮಾತಾಡಲಿಲ್ಲ. ಕೋಕಂದ ಹೋಯಿತು. ಹತ್ತಿಯ ಎಳೆ ಸಸಿಗಳ ಹೊಲ, ಮತ್ತೆ ಬೋಳು ಗುಡ್ಡ. ಖುಜಂದದ ನದಿ ಕಾಣಿಸಿದಾಗ ಅಬ್ಬಾ ಕೇಳಿದರು:

"ನಿನ್ನ ಕೈಯಿಂದ ಕಿತ್ಕೊಂಡೆ ಅನ್ಸುತ್ತಾ ಮಗಳೇ?"

"ಹೂಂ" ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅನ್ಸಲಿ. ಆ ಹುಡುಗಿಗೆ ಹಂಗನ್ನಿಸೋದಕ್ಕಿಂತ ನಿನಗನ್ನಿಸಲಿ. ನೀನು ನನ್ನ ಮಗಳು, ನನ್ನ ಮೇಲೆ ಸಿಟ್ಟು ಮಾಡ್ಕೋಬಹುದು. ಅವಳು ಯಾರ ಮೇಲೆ ಮಾಡ್ಕೋತಾಳೆ?"

ನಾನು ಕಿಟಕಿಯ ಹೊರಗೆ ನೋಡಿದೆ. ಗ್ರೀಕರು ತಮ್ಮವರನ್ನು ಬಿಟ್ಟುಹೋದ ದಂಡೆ ಅದು. ಬಿಟ್ಟವರು ಊರಿಗೆ ಮರಳಿದರೋ ದಾರಿಯಲ್ಲೇ ಸತ್ತರೋ, ಉಳಿದವರಂತೂ ಇಲ್ಲಿ ಮದುವೆಯಾಗಿ, ತೋಟ ಮಾಡಿ, ಇಲ್ಲಿನವರೇ ಆದರು. ನಮ್ಮ ಇಮ್ತಿಯೂ ಹಾಗೆಯೇ ಆದ ಎಂದುಕೊಂಡೆ. ಸಮಾಧಾನವೇನೂ ಆಗಲಿಲ್ಲ. ದೆಹಲಿ ಮುಟ್ಟಿದ ಮೇಲೆ ಅಬ್ಬಾ ಜ್ವರ ಬಂದು ಮಲಗಿದರು; ಅವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಾಗ ನನ್ನ ಸಿಟ್ಟು ಇಳಿಯಿತು. ಯಾವ ಗಳಿಗೆಯಲ್ಲಿ ಎಂದು ಗೊತ್ತಾಗಲಿಲ್ಲ.

ಶಿಡ್ಲಘಟ್ಟ ಮುಟ್ಟಿದಾಗ ಮಧ್ಯಾಹ್ನ. ಬೀದಿಯಲ್ಲಿ ಬೇಯುವ ಗೂಡಿನ ವಾಸನೆ, ಮನೆಮನೆಯ ಚರಕದ ಸದ್ದು. ಅಮ್ಮಿ ಬಾಗಿಲಲ್ಲೇ ಇದ್ದಳು. ಆಟೋದಿಂದ ಅಬ್ಬಾ ಇಳಿದರು, ನಾನು ಇಳಿದೆ. ಅವಳು ಇನ್ನೂ ಆಟೋದ ಒಳಗೇ ನೋಡುತ್ತಿದ್ದಳು. ಡ್ರೈವರ್ ಗಾಡಿ ತಿರುಗಿಸಿಕೊಂಡು ಹೋದ.

ಅಬ್ಬಾ ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದರು. ಹೇಳಬೇಕಾದವಳು ನಾನೇ ಆದೆ. ಒಳಗೆ ಕೂರಿಸಿ ಎಲ್ಲ ಹೇಳಿದೆ. ಮಗುವಿನ ಹಣೆ, ಜಡೆ, ಅದು ಆಡುವ ಮಾತು, ಗೋಡೆಯ ರೊಟ್ಟಿ. ಅಬ್ಬಾ ಮಾಡಿದ್ದೇ ಸರಿ ಎಂದು ಕೊನೆಗೆ ಸೇರಿಸಿದೆ. ಆ ಮಾತನ್ನು ಹೇಳುತ್ತೇನೆಂದು ಮೊದಲೇ ಅಂದುಕೊಂಡಿರಲಿಲ್ಲ. ಅಬ್ಬಾ ತಲೆ ಎತ್ತಿ ನನ್ನನ್ನು ನೋಡಿದರು.

ಅಮ್ಮಿ ಅಳಲಿಲ್ಲ. ಮುಳಬಾಗಿಲಿನ ದರ್ಗಾಕ್ಕಿಂತ ಆಚೆ ಹೋಗದ ಹೆಂಗಸು ಅವಳು. ಬಸ್ಸೆಂದರೆ ತಲೆ ತಿರುಗುತ್ತದೆ ಎನ್ನುವವಳು. ಸೆರಗು ಸರಿಮಾಡಿಕೊಂಡು ಎದ್ದು ನಮಗೆ ಅನ್ನ ಬಡಿಸಿದಳು. ಎರಡನೇ ಸಲ ಸಾರು ಹಾಕುವಾಗ ಕೇಳಿದಳು:

"ಪಾಸ್‌ಪೋರ್ಟಿಗೆ ಫೋಟೋ ಎಲ್ಲಿ ತೆಗೀತಾರೆ?"

"ಯಾಕಮ್ಮಿ?"

"ಅವಳು ಬರೋಕಾಗಲ್ಲ ಅಂದ್ರೆ ನಾನು ಹೋಗ್ತೀನಿ."

ಮಾರನೆಯ ದಿನ ಚಿಕ್ಕಬಳ್ಳಾಪುರದ ಸ್ಟುಡಿಯೋದವನು ಬಾಗಿಲು ತೆಗೆಯುವ ಮುಂಚೆಯೇ ನಾವು ಹೋಗಿ ನಿಂತಿದ್ದೆವು. ಕ್ಯಾಮೆರಾದ ಮುಂದೆ ಕೂತ ಅಮ್ಮಿ ಅವನು ಹೇಳುವ ಮುಂಚೆ ತಾನೇ ಮುಖದ ಮೇಲಿನ ಪರದೆ ಎತ್ತಿ, ನೆಟ್ಟ ನೋಟದಿಂದ ನೋಡುತ್ತ, "ತೆಗೀರಿ" ಎಂದಳು.